ಮೊದಲು ಮುಟ್ಟಿದ, ಆಮೇಲೆ ವಾಸಿಮಾಡಿದ

ಕ್ರೈಸ್ತ ಸಭೆಗಳಲ್ಲಿ ‘ಸಾಕ್ಷಿ’ ಹೇಳುವುದನ್ನು ಕೇಳಿರುತ್ತೀರಿ. ‘ಕುಡುಕನಾಗಿದ್ದೆ, ಕಳ್ಳನಾಗಿದ್ದೆ, ಕರ್ತನು ನನ್ನನ್ನು ಮುಟ್ಟಿದನು, ಬದಲಾದೆ.’ ಎಲ್ಲರೂ ಹಲ್ಲೆಲೂಯ ಅನ್ನುತ್ತಾರೆ. ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಹಾಗೆ ಬದಲಾದವನನ್ನು ಮರುದಿನ ಪಕ್ಕದಲ್ಲಿ ಕೂರಿಸಿಕೊಂಡವರು ಯಾರು? ಆ ಭಾಗ ಸಾಕ್ಷಿಯಲ್ಲಿ ಬರುವುದೇ ಇಲ್ಲ.

ಬೈಬಲಿನ ಮಾರ್ಕನ ಸುವಾರ್ತೆ 1ನೇ ಅಧ್ಯಾಯದ ಕೊನೆಗೆ ಒಬ್ಬ ಕುಷ್ಠರೋಗಿ ಬರುತ್ತಾನೆ. ಅಂಥವನು ಹೇಗಿರಬೇಕು ಅಂತ ಬೈಬಲಿನದೇ ಹಳೆಯ ನಿಯಮಗಳ ಪುಸ್ತಕ ಯಾಜಕಕಾಂಡದ 13ನೇ ಅಧ್ಯಾಯದಲ್ಲಿ ನಿಯಮವಿದೆ. ಬಟ್ಟೆ ಹರಿದುಕೊಂಡಿರಬೇಕು, ತಲೆ ಕೆದರಿಕೊಂಡಿರಬೇಕು, ಬಾಯಿ ಮುಚ್ಚಿಕೊಂಡು ‘ಅಶುದ್ಧ, ಅಶುದ್ಧ’ ಅಂತ ಕೂಗುತ್ತಿರಬೇಕು. ವಾಸ ಪಾಳೆಯದ, ಅಂದರೆ ಜನರ ಬಿಡಾರದ ಹೊರಗೆ, ಒಬ್ಬನೇ. ನನ್ನನ್ನು ದೂರ ಇಡಿ ಅಂತ ತಾನೇ ಸಾರಬೇಕು! ದಿನಾ ಹಾಗೆ ಕೂಗಿದವನು ಕೊನೆಗೆ ಅದನ್ನೇ ನಂಬಿಬಿಡುತ್ತಾನೆ, ಅಲ್ವಾ?

ಅವನು ಕೇಳಿದ ರೀತಿ ನೋಡಿ. ‘ನಿನಗೆ ಮನಸ್ಸಿದ್ದರೆ ನನ್ನನ್ನು ಶುದ್ಧಮಾಡಬಲ್ಲೆ.’ ಯೇಸುವಿಗೆ ಶಕ್ತಿಯಿದೆಯೋ ಇಲ್ಲವೋ ಅನ್ನುವ ಅನುಮಾನ ಅವನಿಗಿಲ್ಲ. ನನ್ನಂಥವನಿಗಾಗಿ ಮನಸ್ಸು ಮಾಡುತ್ತಾನಾ ಅನ್ನುವುದೇ ಅನುಮಾನ. ಯೇಸು ಕೈಚಾಚಿ ಅವನನ್ನು ಮುಟ್ಟಿದ. ರೋಗ ಹೋದಮೇಲಲ್ಲ, ಇನ್ನೂ ಮೈಮೇಲೆ ಇರುವಾಗಲೇ. ಬರೀ ಮಾತಿನಲ್ಲೇ ವಾಸಿಮಾಡಬಹುದಿತ್ತು, ಬೇರೆ ಕಡೆ ಹಾಗೆ ಮಾಡಿದ್ದೂ ಇದೆ. ಆಮೇಲೆ, ಹೋಗಿ ಯಾಜಕನಿಗೆ ಮೈ ತೋರಿಸು ಅಂದ. ಯಾಜಕ ಶುದ್ಧ ಅಂತ ಹೇಳಿದರೆ ತಾನೆ ಅವನು ಜನರ ನಡುವೆ ಬಾಳುವುದು?

ಈ ಪ್ರಸಂಗದ ಕೊನೆಯ ಸಾಲು ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಯಾರಿಗೂ ಹೇಳಬೇಡ ಅಂದರೂ ಅವನು ಸುಮ್ನಿರದೆ ಎಲ್ಲರಿಗೂ ಹೇಳಿಕೊಂಡು ಬಂದ. ಇದರಿಂದ ಯೇಸು ಊರೊಳಗೆ ಬಹಿರಂಗವಾಗಿ ಹೋಗಲಾಗದೆ ಜನರಿಲ್ಲದ ಜಾಗಗಳಲ್ಲಿ ಉಳಿಯಬೇಕಾಯಿತು. ಹೊರಗಿದ್ದವನು ಒಳಗೆ ಬಂದ, ಅವನನ್ನು ಒಳಗೆ ತಂದವನು ಹೊರಗುಳಿದ.

ಇನ್ನೊಬ್ಬನ ಕಥೆ ಇಷ್ಟು ಸಲೀಸಾಗಿ ನಡೆಯಲಿಲ್ಲ. ಜೆರ್ರಿ ಮೆಕಾಲೆ ಅಂತ. (ಇಂಗ್ಲಿಷ್ ಶಿಕ್ಷಣದ ಮೆಕಾಲೆ ಅಲ್ಲ!) ಐರ್ಲೆಂಡಿನಲ್ಲಿ ಹುಟ್ಟಿ, ನ್ಯೂಯಾರ್ಕಿನ ನದಿ ದಡದಲ್ಲಿ ಕಳ್ಳತನ ಮಾಡಿಕೊಂಡಿದ್ದವನು. ಸಿಂಗ್ ಸಿಂಗ್ ಜೈಲಿನಲ್ಲಿ ಯೇಸುವನ್ನು ನಂಬಿದ. 1864ರಲ್ಲಿ ಬಿಡುಗಡೆಯಾಯಿತು. ಸಾಕ್ಷಿ ಹೇಳುವವರು ಇಲ್ಲಿಗೇ ಮುಗಿಸುತ್ತಿದ್ದರೇನೋ. ಆದರೆ ಹೊರಗೆ ಬಂದವನು ಮತ್ತೆ ಕುಡಿತಕ್ಕೆ, ಕಳ್ಳತನಕ್ಕೆ ಬಿದ್ದ. ಎದ್ದ, ಮತ್ತೆ ಬಿದ್ದ. ಹಾಗಾದರೆ ಜೈಲಿನಲ್ಲಿ ನಂಬಿದ್ದು ನಾಟಕವಾ? ನನಗೆ ಹಾಗನ್ನಿಸುವುದಿಲ್ಲ. ನಂಬಿಕೆ ಒಂದೇ ಕ್ಷಣದಲ್ಲಿ ಹುಟ್ಟಬಹುದು. ಅದು ಕಾಲೂರಿ ನಿಲ್ಲಬೇಕಾದರೆ ‘ಬಾ, ಕೂತ್ಕೋ’ ಅನ್ನುವ ನಾಲ್ಕು ಜನ ಬೇಕು.

1872ರಲ್ಲಿ ಅವನು ಹೆಂಡತಿ ಮರಿಯಾ ಜೊತೆ ವಾಟರ್ ಸ್ಟ್ರೀಟ್‌ನಲ್ಲಿ ಒಂದು ಮಿಷನ್ ತೆರೆದ. ಅವನು ಮೊದಲು ಕುಡಿದು ತಿರುಗಾಡುತ್ತಿದ್ದಂಥ ಬೀದಿಗಳ ನಡುವೆಯೇ. ಕುಡುಕರು, ಜೈಲಿನಿಂದ ಬಂದವರು, ಮನೆಯಿಲ್ಲದವರು ಅಲ್ಲಿಗೆ ಬರುತ್ತಿದ್ದರು. ಊಟವೂ ಇತ್ತು, ಪ್ರಾರ್ಥನೆಯೂ ಇತ್ತು. ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತಿದ್ದವನಿಗೆ ಬಿದ್ದವನ ಸಂಕಟ ಏನು ಅಂತ ಬೇರೆಯವರು ವಿವರಿಸಬೇಕಿರಲಿಲ್ಲ.