ನಂಬಿದವರಿಗೂ ಭಯ ಆಗುತ್ತದೆ

ದೇವರ ಚಿತ್ತವನ್ನು ನಂಬಿದವರಿಗೆ ಭಯವೇ ಇರುವುದಿಲ್ಲ ಅಂತ ಬರೆದಿದ್ದೀರಿ. ಈ ಒಂದು ಮಾತನ್ನು ನಾನು ಒಪ್ಪಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸುವೇ ಶಿಲುಬೆಗೇರುವ ಹಿಂದಿನ ರಾತ್ರಿ ಸಂಕಟದಿಂದ 3 ಸಲ ಪ್ರಾರ್ಥಿಸಿದರು, ಸಾಧ್ಯವಾದರೆ ಈ ಕಷ್ಟ ತಪ್ಪಲಿ ಅಂತ ಮೊದಲು ಬಾಯಿಬಿಟ್ಟು ಕೇಳಿಕೊಂಡು, ಆಮೇಲೆ ನಿನ್ನ ಚಿತ್ತದಂತೆಯೇ ಆಗಲಿ ಅಂದರು. ಸಂಕಟವೂ ಇತ್ತು, ನಂಬಿಕೆಯೂ ಇತ್ತು ಅಲ್ವಾ? ಹೆದರಿಕೆ ಆಗುತ್ತಿದೆ ಅನ್ನುವವರಿಗೆ ನಿಮ್ಮ ನಂಬಿಕೆ ಸಾಲದು ಅಂತ ದಯವಿಟ್ಟು ಹೇಳಬೇಡಿ, ಆ ಮಾತು ತುಂಬಾ ನೋಯಿಸುತ್ತದೆ.

ಆಸ್ತಿ ವಿಷಯಕ್ಕೆ ನನಗೂ ಅಣ್ಣನಿಗೂ 2 ವರ್ಷ ಮಾತಿರಲಿಲ್ಲ. ಎಲ್ಲಾ ದೇವರು ನೋಡಿಕೊಳ್ಳುತ್ತಾನೆ ಅಂತ ಸುಮ್ನೆ ಇದ್ದೆ. ನಿಜ ಹೇಳಬೇಕೆಂದರೆ ಅದು ನಂಬಿಕೆಯೇ ಅಲ್ಲ, ಅಣ್ಣನಿಗೆ ಮುಖ ಕೊಟ್ಟು ಮಾತಾಡುವ ಧೈರ್ಯ ಇರಲಿಲ್ಲ, ಅದಕ್ಕೆ ದೇವರ ಹೆಸರು ಹೇಳುತ್ತಿದ್ದೆ. ಒಂದು ದಿನ ಪ್ರಾರ್ಥನೆ ಮುಗಿಸಿ, ಕೈ ನಡುಗುತ್ತಿದ್ದರೂ ಫೋನ್ ಮಾಡಿದೆ. ಅವತ್ತು ಜಗಳವೇ ಜಾಸ್ತಿ ಆಯಿತು. ಮುಂದಿನ ವಾರ ಅವನೇ ಫೋನ್ ಮಾಡಿದ. ಆಸ್ತಿ ಇನ್ನೂ ಪಾಲಾಗಿಲ್ಲ, ಏನಾಗುತ್ತದೋ ಗೊತ್ತಿಲ್ಲ, ಆದರೆ ಈಗ ನನ್ನ ಪ್ರಾರ್ಥನೆಯಲ್ಲಿ ಅಣ್ಣನೂ ಇದ್ದಾನೆ.