ಸೇವ್ ಸ್ಟೇಟ್ ಬಳಸಿದರೆ ಅದು ಮೋಸವಾ?

ನಿನ್ನೆ ರಾತ್ರಿ ಅಂತೂ ಇಂತೂ ಘೋಸ್ಟ್ಸ್ ಎನ್ ಗಾಬ್ಲಿನ್ಸ್ ಮುಗಿಸಿದೆ. ನಿಂಟೆಂಡೊದ ಹಳೇ ಟಿವಿ ಗೇಮ್ ಯಂತ್ರ ಎನ್‌ಇಎಸ್‌ಗೆ ಬಂದಿದ್ದ ಆವೃತ್ತಿ, ಕಂಪ್ಯೂಟರಿನಲ್ಲಿ ಎಮ್ಯುಲೇಟರ್ (ಆ ಯಂತ್ರದ ಹಾಗೇ ನಟಿಸುವ ತಂತ್ರಾಂಶ) ಹಾಕಿಕೊಂಡು. ಖುಷಿ ತಡೆಯಲಾರದೆ ಗೆಳೆಯನಿಗೆ ಹೇಳಿದರೆ ಅವನು ಕೇಳಿದ್ದು ಒಂದೇ: "ಸೇವ್ ಸ್ಟೇಟ್ ಇಲ್ಲದೆ ತಾನೇ?"

ಸೇವ್ ಸ್ಟೇಟ್ ಅಂದ್ರೆ ಬೇಕಾದ ಗಳಿಗೆಯಲ್ಲಿ ಆಟವನ್ನು ಉಳಿಸಿಟ್ಟು, ಸತ್ತರೆ ಅಲ್ಲಿಂದಲೇ ಮತ್ತೆ ಆಡೋದು. ಇಲ್ಲಪ್ಪ, ಹೆಜ್ಜೆಹೆಜ್ಜೆಗೂ ಸೇವ್ ಮಾಡಿಕೊಂಡೇ ಆಡಿದ್ದು ಅಂದೆ.

"ಹಾಗಾದ್ರೆ ಲೆಕ್ಕಕ್ಕಿಲ್ಲ ಬಿಡು."

ಈ ಮಾತಿಗೆ ಅಲ್ಲೇ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ, ಬರೆಯುತ್ತಿದ್ದೇನೆ.

ಈ ಆಟ ಆಡಿದವರಿಗೆ ಅದರ ಕಾಟ ಗೊತ್ತು. ಒಂದು ಏಟು ಬಿದ್ದರೆ ನಮ್ಮ ವೀರನ ಕವಚ ಉದುರಿ ಚಡ್ಡಿಯಲ್ಲಿ ನಿಲ್ಲುತ್ತಾನೆ. ಇನ್ನೊಂದು ಬಿದ್ದರೆ ಬರೀ ಮೂಳೆ. ಒಮ್ಮೆ ಜಿಗಿದರೆ ಮುಗೀತು, ಗಾಳಿಯಲ್ಲಿ ದಿಕ್ಕು ಬದಲಿಸೋ ಹಾಗಿಲ್ಲ. ಮೊದಲ ಹಂತದಲ್ಲೇ ಕೆಂಪು ರೆಕ್ಕೆಯ ಪಿಶಾಚಿಯೊಂದು ಆರಾಮಾಗಿ ಕೂತಿರುತ್ತೆ. ಈಟಿ ಎಸೆದರೆ ನುಣುಚಿಕೊಂಡು ಹಾರಿ ತಲೆಯ ಮೇಲೇ ಎರಗುತ್ತೆ. ಇದನ್ನೆಲ್ಲ ದಾಟಿ ಕೊನೆಯ ರಾಕ್ಷಸನನ್ನು ಕೊಂದರೆ, ಇದು ಸೈತಾನನ ಮಾಯೆ ಅಂತ ಹೇಳಿ ಆಟ ನಮ್ಮನ್ನು ಮೊದಲ ಹಂತಕ್ಕೆ ತಳ್ಳುತ್ತೆ! ಪೂರ್ತಿ ಆಟವನ್ನು ಎರಡನೇ ಸಲ ಮುಗಿಸಿದರೇನೇ ನಿಜವಾದ ಮುಕ್ತಾಯ.

ಯಾಕಿಷ್ಟು ಕ್ರೂರ? ಇದು 1985ರಲ್ಲಿ ಆರ್ಕೇಡ್‌ಗೆ, ಅಂದರೆ ನಾಣ್ಯ ಹಾಕಿ ಆಡೋ ಅಂಗಡಿ ಯಂತ್ರಗಳಿಗೆ ಅಂತ ಮಾಡಿದ ಆಟ. ಆಡುವವನು ಬೇಗ ಸತ್ತರೆ ಬೇಗ ಇನ್ನೊಂದು ನಾಣ್ಯ ಬೀಳುತ್ತೆ. ಮನೆಯ ಯಂತ್ರಕ್ಕೆ ಬಂದಾಗ ನಾಣ್ಯದ ಡಬ್ಬಿ ಇರಲಿಲ್ಲ, ಆದರೆ ಕ್ರೂರತನ ಹಾಗೇ ಬಂತು. ಡಬ್ಬಿ ತುಂಬಿಸೋಕೆ ಇಟ್ಟ ಕಷ್ಟವನ್ನು ನಾನ್ಯಾಕೆ ಪೂಜೆ ಮಾಡಲಿ?

ಆಟಗಳನ್ನು ತಯಾರಿಸುವವರೇ ಆ ಪೂಜೆ ಮಾಡಲಿಲ್ಲ. 1986ರಲ್ಲಿ ಗ್ರೇಡಿಯಸ್ ಅನ್ನೋ ಇನ್ನೊಂದು ಆರ್ಕೇಡ್ ಆಟವನ್ನು ಎನ್‌ಇಎಸ್‌ಗೆ ತರುತ್ತಿದ್ದ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊಗೆ ಅದು ತನಗೇ ವಿಪರೀತ ಕಷ್ಟ ಅನಿಸಿತು. ಪರೀಕ್ಷೆ ಮಾಡಿ ನೋಡೋಕೆ ಅಂತ ಒಂದು ಗುಟ್ಟಿನ ದಾರಿ ಇಟ್ಟುಕೊಂಡರು: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಅದೇ ಈಗಿನ ಪ್ರಸಿದ್ಧ ಕೊನಾಮಿ ಕೋಡ್. ಅದೇ ಕಂಪನಿಯ ಕಾಂಟ್ರಾ ಆಟದಲ್ಲಿ ಇದನ್ನೇ ಒತ್ತಿ 30 ಜೀವ ತಗೊಂಡು ಆಡಿದವರು ಇವತ್ತು ನನಗೆ ಮೋಸ ಅಂತಾರೆ!

ಸೇವ್ ಮಾಡೋದು ಆ ಕಾಲಕ್ಕೆ ಗೊತ್ತಿಲ್ಲದ ವಿಷಯವೂ ಅಲ್ಲ. ಜೆಲ್ಡಾ ಆಟದ ಕಾರ್ಟ್ರಿಜ್ ಒಳಗೆ ಅದಕ್ಕಂತಲೇ ಪುಟ್ಟ ಬ್ಯಾಟರಿ ಇತ್ತು. ಬ್ಯಾಟರಿ ಇಲ್ಲದ ಎಷ್ಟೋ ಆಟಗಳು ಉದ್ದುದ್ದ ಪಾಸ್‌ವರ್ಡ್ ಕೊಡುತ್ತಿದ್ದವು, ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಇನ್ನು 2016ರಲ್ಲಿ ನಿಂಟೆಂಡೊ ತಾನೇ ಮಾರಿದ ಪುಟಾಣಿ ಎನ್‌ಇಎಸ್ ಕ್ಲಾಸಿಕ್‌ನಲ್ಲಿ ಒಂದೊಂದು ಆಟಕ್ಕೂ ನಾಲ್ಕು ಕಡೆ ಸೇವ್ ಮಾಡಬಹುದಿತ್ತು.

"ಅಸಲಿ ಅನುಭವ" ಅನ್ನೋ ವಾದವೂ ಒಂದಿದೆ. ಯಾರ ಅಸಲಿ? ಯುರೋಪಿನ ಟಿವಿಗಳು ಸೆಕೆಂಡಿಗೆ 50 ಸಲ ಚಿತ್ರ ಬದಲಿಸುತ್ತಿದ್ದವು, ಅಮೆರಿಕ, ಜಪಾನಿನವು 60 ಸಲ. ಆಟದ ವೇಗ ಅದಕ್ಕೇ ಹೊಂದಿಕೊಂಡಿದ್ದರಿಂದ ಎಷ್ಟೋ ಆಟಗಳು ಯುರೋಪಿನಲ್ಲಿ ನಿಧಾನವಾಗೇ ಓಡುತ್ತಿದ್ದವು. ಅಲ್ಲಿ ಗೆದ್ದವರ ಗೆಲುವೂ ಲೆಕ್ಕಕ್ಕಿಲ್ವಾ?

ಹಾಗಂತ ಸೇವ್ ಸ್ಟೇಟ್ ಪರಮ ಸುಖ ಅಂತ ತಿಳಿಯಬೇಡಿ. ಅದು ಮಾಡೋದು ಇಷ್ಟೇ: ಆ ಗಳಿಗೆಯಲ್ಲಿ ಯಂತ್ರದ ನೆನಪಿನಲ್ಲಿ ಇರೋದನ್ನೆಲ್ಲ ಹಾಗ್ಹಾಗೇ ಫೈಲಿಗೆ ಇಳಿಸುತ್ತೆ. ಎನ್‌ಇಎಸ್‌ನ ಮುಖ್ಯ ಮೆಮೊರಿ ಬರೀ 2 ಕೆಬಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತೆ. ಒಳ್ಳೇ ಗಳಿಗೆಯೋ ಕೆಟ್ಟ ಗಳಿಗೆಯೋ ಅದಕ್ಕೆ ಬೇಕಿಲ್ಲ. ಹೋದ ವಾರ ಐದನೇ ಹಂತದಲ್ಲಿ ಗಾಬರಿಯಲ್ಲಿ ಸೇವ್ ಮಾಡೋ ಎಫ್2 ಒತ್ತಿಬಿಟ್ಟೆ. ನೋಡಿದರೆ ವೀರ ಚಡ್ಡಿಯಲ್ಲಿ ಗಾಳಿಯಲ್ಲಿದ್ದಾನೆ, ಕೆಳಗೆ ಇಳಿಯೋ ಜಾಗದಲ್ಲೇ ಶತ್ರು ನಿಂತಿದ್ದಾನೆ. ಇದ್ದದ್ದು ಅದೊಂದೇ ಸೇವ್, ಹಳೆಯದರ ಮೇಲೇ ಬರೆದಾಗಿತ್ತು. ಸೇವ್ ಮಾಡಿದ ಗಳಿಗೆಗೆ ಮರಳೋಕೆ ಎಫ್4. ಎಫ್4 ಒತ್ತು, ಸಾಯಿ. ಎಫ್4 ಒತ್ತು, ಸಾಯಿ. ನಲವತ್ತು ಸಲವಾದರೂ ಸತ್ತಿರಬೇಕು. ಕೊನೆಗೆ ಮೊದಲ ಹಂತದಿಂದ ಶುರು ಮಾಡಿದೆ. ಆ ಕೆಂಪು ಪಿಶಾಚಿ ಅಲ್ಲೇ ಕೂತಿತ್ತು.