ಹೆಲ್ಮೆಟ್ ತೆಗೀಬೇಡ ಮಾರಾಯ!

ಕಾಮಿಕ್ಸ್ ಓದಿ ಬೆಳೆದವರ ಜೊತೆ ಅದೇ ಕಾಮಿಕ್ಸ್‌ನ ಸಿನಿಮಾಕ್ಕೆ ಹೋಗಬಾರದು. ಹೋದರೂ ಪಕ್ಕದ ಸೀಟಿನಲ್ಲಿ ಕೂರಬಾರದು. ನಾಯಕ ಪರದೆಗೆ ಕಾಲಿಟ್ಟ ಗಳಿಗೆಯಿಂದ ‘ಛೆ’, ‘ಅಯ್ಯೋ’, ‘ಇದಲ್ಲ, ಇದಲ್ಲ’ ಎಂಬ ಹಿನ್ನೆಲೆ ಸಂಗೀತ ಶುರುವಾಗುತ್ತದೆ. ಅದೂ ಆ್ಯಂಟಿಹೀರೋ, ಅಂದರೆ ಸಜ್ಜನನಲ್ಲದ ನಾಯಕನ, ಸಿನಿಮಾ ಆಗಿಬಿಟ್ಟರೆ ಮುಗಿಯಿತು. (ಕನ್ನಡದಲ್ಲಿ ‘ಪ್ರತಿನಾಯಕ’ ಎನ್ನೋಣವೆಂದರೆ ಅದು ರಾವಣ, ದುರ್ಯೋಧನರು ಕೂತಿರುವ ಕುರ್ಚಿ. ಅವರನ್ನು ಎಬ್ಬಿಸುವ ಧೈರ್ಯ ಯಾರಿಗಿದೆ?)

ಸೂಪರ್‌ಮ್ಯಾನ್‌ನಂಥ ಸಜ್ಜನರನ್ನು ಕೆಡಿಸುವುದು ಅಷ್ಟು ಸುಲಭವಲ್ಲ. ಅಂಗಿಯ ಬಣ್ಣ ಮಾಸಿದರೂ ಆಸಾಮಿ ಒಳ್ಳೆಯವನೇ. ಆ್ಯಂಟಿಹೀರೋ ಹಾಗಲ್ಲ, ಇಡೀ ಪಾತ್ರ ಒಂದೇ ಮೊಳೆಗೆ ನೇತುಬಿದ್ದಿರುತ್ತದೆ. ಒಬ್ಬನಿಗೆ ಹೆಲ್ಮೆಟ್, ಒಬ್ಬನಿಗೆ ಬಾಯಿ, ಇನ್ನೊಬ್ಬನಿಗೆ ಎದೆಯ ಮೇಲಿನ ಬುರುಡೆ. ಸ್ಟುಡಿಯೋದವರು ದುಡ್ಡು ಸುರಿದು ಹಕ್ಕು ಕೊಳ್ಳುವುದು ಆ ಮೊಳೆಗಾಗಿಯೇ. ತಂದ ಮೇಲೆ ಮೊದಲು ಕೀಳುವುದೂ ಅದನ್ನೇ.

ಜಡ್ಜ್ ಡ್ರೆಡ್‌ನನ್ನೇ ನೋಡಿ. 1977ರಲ್ಲಿ ‘2000 ಎಡಿ’ ಎಂಬ ಬ್ರಿಟಿಷ್ ವಾರಪತ್ರಿಕೆಯ ಎರಡನೇ ಸಂಚಿಕೆಯಲ್ಲಿ ಹುಟ್ಟಿದವನು. ಬರೆದವರು ಜಾನ್ ವ್ಯಾಗ್ನರ್, ರೂಪ ಕೊಟ್ಟವರು ಕಾರ್ಲೋಸ್ ಎಜ್ಕೆರಾ. ಪೊಲೀಸು, ನ್ಯಾಯಾಧೀಶ, ಮರಣದಂಡನೆ ಜಾರಿ ಮಾಡುವವ ಮೂರೂ ಅವನೊಬ್ಬನೇ. ಓದುಗರಿಗೆ ಅವನ ಮುಖ ತೋರಿಸುವುದಿಲ್ಲ. ಹೆಲ್ಮೆಟ್ಟಿನ ಕೆಳಗೆ ಕಾಣುವುದು ಒಂದು ಗಲ್ಲ, ಕವುಚಿಟ್ಟ ಬಟ್ಟಲಿನಂಥ ಒಂದು ಬಾಯಿ. ಕಲಾವಿದನಿಗೆ ಅಷ್ಟೇ ಸಾಕು. ಬಾಯಿಯ ಅಂಚು ಸ್ವಲ್ಪ ಇಳಿದರೆ ಕೋಪ, ಇನ್ನೂ ಸ್ವಲ್ಪ ಇಳಿದರೆ ಇನ್ನೂ ಕೋಪ. ಕಾನೂನಿಗೆ ಮುಖವಿಲ್ಲ, ಆದ್ದರಿಂದ ಇವನಿಗೂ ಇಲ್ಲ. ಇಷ್ಟೇ ವಿಷಯ.

1995ರಲ್ಲಿ ಆ ಹೆಲ್ಮೆಟ್ಟಿನೊಳಗೆ ಸಿಲ್ವೆಸ್ಟರ್ ಸ್ಟಲೋನ್ ಬಂದರು. ಇಡೀ ಮುಖಕ್ಕೆ ಸಂಭಾವನೆ ಕೊಟ್ಟು ಗಲ್ಲ ಮಾತ್ರ ತೋರಿಸಿದರೆ ಅಕೌಂಟೆಂಟ್ ಸುಮ್ಮನಿರುತ್ತಾನೆಯೇ? ಮೊದಲ ಕಾಳಗ ಮುಗಿದು ಸ್ವಲ್ಪ ಹೊತ್ತಿಗೆಲ್ಲ ಹೆಲ್ಮೆಟ್ ಕೆಳಗಿಳಿಯಿತು. ಆಮೇಲೆ ಅದು ತಲೆಯ ಕಡೆ ತಿರುಗಿ ನೋಡಿದ್ದು ಕಡಿಮೆ. ಸಮವಸ್ತ್ರದ ವಿನ್ಯಾಸ ಇಟಲಿಯ ಫ್ಯಾಷನ್ ವಿನ್ಯಾಸಕ ವೆರ್ಸಾಚೆಯದು; ಹೊಳೆಯುವ ಬಂಗಾರದ ಭುಜಗಳು ನೋಡಿದರೆ ಗಸ್ತಿಗೆ ಹೊರಟವನೋ ಫ್ಯಾಷನ್ ಶೋಗೆ ಹೊರಟವನೋ ತಿಳಿಯದು. ನಗುವೇ ಬಾರದವನ ಪಕ್ಕಕ್ಕೆ ನಗಿಸಲೆಂದು ರಾಬ್ ಶ್ನೈಡರ್. ಪ್ರೇಮ ಪ್ರೀತಿ ನಿಷಿದ್ಧವಾಗಿರುವ ಜಡ್ಜ್‌ಗೆ ಕೊನೆಯಲ್ಲಿ ಒಂದು ಮುತ್ತು ಬೇರೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನೋಣವೆಂದರೆ, ಅವರಪ್ಪನಾದರೂ ದೇವರು.

ಸ್ಟುಡಿಯೋದ ಕಷ್ಟವೂ ಸುಳ್ಳಲ್ಲ. ಕ್ಲೋಸಪ್ ಎಂಬುದು ನಿಂತಿರುವುದೇ ಕಣ್ಣಿನ ಮೇಲೆ. ನಟ ಎತ್ತ ನೋಡಿದ ಎಂಬುದನ್ನು ಹಿಡಿದುಕೊಂಡೇ ಎಡಿಟರ್ ಮುಂದಿನ ಶಾಟ್‌ಗೆ ಕತ್ತರಿ ಹಾಕುವುದು. ಕಣ್ಣು ಮುಚ್ಚಿಹೋದರೆ ಉಳಿಯುವುದು ದನಿ, ಕತ್ತಿನ ವಾಲಿಕೆ, ಗಲ್ಲ. ಇದಕ್ಕಿಂತ ಕಷ್ಟ, ನರಕದ ಪರವಾಗಿ ಪಾಪಿಗಳನ್ನು ಬೇಟೆಯಾಡುವ ಘೋಸ್ಟ್ ರೈಡರ್‌ನದು: ಉರಿಯುವ ಬುರುಡೆಗೆ ರೆಪ್ಪೆಯಿಲ್ಲ, ತುಟಿಯಿಲ್ಲ, ಪ್ರತಿ ಶಾಟನ್ನೂ ಕಂಪ್ಯೂಟರಿನಲ್ಲೇ ಹೊತ್ತಿಸಬೇಕು. 2007ರ ಸಿನಿಮಾದಲ್ಲಿ ನಿಕೋಲಸ್ ಕೇಜ್ ಆ ಪಾತ್ರದ ಎಂಥ ಅಭಿಮಾನಿಯೆಂದರೆ, ಮೈಮೇಲೆ ಅವನದೇ ಹಚ್ಚೆ. ಅದನ್ನು ಮೇಕಪ್ಪಿನಲ್ಲಿ ಮುಚ್ಚಿಕೊಂಡು ಪಾತ್ರ ಮಾಡಬೇಕಾಯಿತು. ನರಕದ ಬೌಂಟಿ ಹಂಟರ್ ಪರದೆಯ ಮೇಲೆ ಗಾಜಿನ ಲೋಟದಿಂದ ಬಾಯಿಗೆ ಹಾಕಿಕೊಳ್ಳುವುದು ಮದ್ಯವನ್ನಲ್ಲ, ಜೆಲ್ಲಿ ಬೀನ್ಸ್.

ಆದರೆ ಡೆಡ್‌ಪೂಲ್‌ಗೆ ಆದದ್ದಕ್ಕೆ ಯಾವ ಕಾರಣವೂ ಸಾಲದು. 1991ರಲ್ಲಿ ಫೇಬಿಯನ್ ನಿಸಿಯೆಜಾ ಮತ್ತು ರಾಬ್ ಲೀಫೆಲ್ಡ್ ಸೃಷ್ಟಿಸಿದ ಈ ಬಾಡಿಗೆ ಕೊಲೆಗಾರನ ಆಸ್ತಿಯೆಲ್ಲ ಅವನ ನಾಲಿಗೆ. ಗುಂಡು ಹಾರಿಸುತ್ತಾ ಮಾತು, ಗುಂಡು ತಿನ್ನುತ್ತಾ ಮಾತು, ಎದುರಿಗೆ ಯಾರೂ ಇಲ್ಲದಿದ್ದರೆ ಓದುಗನ ಜೊತೆಗೇ ಮಾತು. 2009ರ ವುಲ್ವರಿನ್ ಸಿನಿಮಾದಲ್ಲಿ ಡೆಡ್‌ಪೂಲ್ ಆದ ರಯಾನ್ ರೆನಾಲ್ಡ್ಸ್ ಆರಂಭದಲ್ಲಿ ಚೆನ್ನಾಗಿಯೇ ಹರಟುತ್ತಾರೆ. ಕೊನೆಯಲ್ಲಿ ಅವನು ಮತ್ತೆ ಬರುವಾಗ ಬಾಯಿಯೇ ಇಲ್ಲ! ತುಟಿಯ ಜಾಗದಲ್ಲಿ ಚರ್ಮ. ಬದಲಿಗೆ ಕಣ್ಣಿನಿಂದ ಬೆಳಕಿನ ಬಾಣ, ಇದ್ದಲ್ಲಿಂದ ಮಾಯವಾಗುವ ವಿದ್ಯೆ, ಮುಂಗೈಯಿಂದ ಹೊರಬರುವ ಉದ್ದುದ್ದ ಕತ್ತಿ. ಆ ಕತ್ತಿಯನ್ನು ಸ್ವಲ್ಪ ಅಳೆದು ನೋಡಿ: ಮುಂಗೈಗಿಂತ ಉದ್ದ. ಒಳಗೆ ಎಳೆದುಕೊಂಡರೆ ಮೊಣಕೈ ದಾಟಿ ತೋಳಿಗೆ ನುಗ್ಗಬೇಕು. ಅಂದರೆ ಪಾಪ, ಕತ್ತಿ ಒಳಗಿರುವಾಗ ಕೈ ಮಡಚುವಂತಿಲ್ಲ. ಮೂಗು ತುರಿಸಿದರೆ ಯಾರನ್ನಾದರೂ ಕರೆಯಬೇಕು, ಕರೆಯೋಣವೆಂದರೆ ಬಾಯಿಲ್ಲ. ಆ ಕಾಳಗದ ಬಹುಭಾಗಕ್ಕೆ ಮೈ ಕೊಟ್ಟದ್ದೂ ಸ್ಕಾಟ್ ಆಡ್ಕಿನ್ಸ್ ಎಂಬ ಇನ್ನೊಬ್ಬ ನಟ.

ಮುಂದೆ 2016ರಲ್ಲಿ, ಅವನದೇ ಹೆಸರಿನ ಸಿನಿಮಾದಲ್ಲಿ, ಬಾಯಿ ವಾಪಸ್ ಬಂತು. ವೆಚ್ಚ ಸುಮಾರು 5.8 ಕೋಟಿ ಡಾಲರ್, ಗಳಿಕೆ 78 ಕೋಟಿ ದಾಟಿತು. ಬಜೆಟ್ ಕಡಿತವಾದಾಗ ಕೊನೆಯ ಕಾಳಗದ ಬಂದೂಕುಗಳಿಗೆ ದುಡ್ಡು ಉಳಿಯಲಿಲ್ಲ. ಬರಹಗಾರರು ಡೆಡ್‌ಪೂಲ್ ಬಂದೂಕಿನ ಚೀಲವನ್ನೇ ಟ್ಯಾಕ್ಸಿಯಲ್ಲಿ ಮರೆಯುವಂತೆ ಬರೆದರು. ಅವನನ್ನು ಬಲ್ಲವರಿಗೆ ಅದು ಕಡಿತ ಅನ್ನಿಸಲೇ ಇಲ್ಲ, ಹೌದು, ಇವನು ಮರೆಯುವವನೇ! 2018ರ ಎರಡನೇ ಭಾಗದ ಕೊನೆಯಲ್ಲಂತೂ ಅವನು ಕಾಲದಲ್ಲಿ ಹಿಂದೆ ಹೋಗಿ, ಆ 2009ರ ಬಾಯಿಲ್ಲದವನನ್ನು ಗುಂಡಿಕ್ಕಿ ಕೊಂದು ಬರುತ್ತಾನೆ. ಇಷ್ಟು ಪ್ರಾಮಾಣಿಕ ತಪ್ಪೊಪ್ಪಿಗೆ ಬೇರಾವ ಸ್ಟುಡಿಯೋದಿಂದಲೂ ಬಂದಂತಿಲ್ಲ.

ಮನೆಯವರನ್ನು ಕೊಂದ ಪಾತಕಿಗಳ ಮೇಲೆ ಸೇಡಿಗೆ ಹೊರಟ ಪನಿಷರ್‌ನ ಗೋಳು ಇನ್ನೊಂದು. ಕಪ್ಪು ಅಂಗಿಯ ಮೇಲೆ ಎದೆ ತುಂಬ ಬಿಳಿ ಬುರುಡೆ, 1974ರಿಂದ ಅದೇ ಅವನ ವಿಳಾಸ. 1989ರಲ್ಲಿ ಡಾಲ್ಫ್ ಲಂಡ್‌ಗ್ರೆನ್ ಬರೀ ಕಪ್ಪು ಅಂಗಿಯಲ್ಲಿ ಬಂದರು; ಬುರುಡೆ ಚಾಕುವಿನ ಹಿಡಿಗೆ ಹೋಗಿ ಕೂತಿತ್ತು. 2004ರಲ್ಲಿ ಬುರುಡೆ ಎದೆಗೆ ಮರಳಿತು, ಆದರೆ ಅಲ್ಲಿ ಬೇರೆ ಧಾರಾಳ. ಕಾಮಿಕ್ಸ್‌ನಲ್ಲಿ ಸಾಯುವುದು ಹೆಂಡತಿ ಮತ್ತು ಇಬ್ಬರು ಮಕ್ಕಳು. ಬರೀ ಮೂವರು ಸತ್ತರೆ ಅವನಿಗೆ ಸಿಟ್ಟು ಬರುತ್ತದೋ ಇಲ್ಲವೋ ಎಂದು ಅನುಮಾನ ಬಂದಿರಬೇಕು, ಸಿನಿಮಾದವರು ಸಮುದ್ರತೀರದಲ್ಲಿ ಇಡೀ ಬಂಧುಬಳಗವನ್ನೇ ಸೇರಿಸಿ ಮುಗಿಸಿದರು.

ಜಾನ್ ಕಾನ್‌ಸ್ಟಂಟೈನ್‌ಗೆ ಹೆಸರೂ ಉಳಿಯಲಿಲ್ಲ. ಕಾಮಿಕ್ಸ್‌ನಲ್ಲಿ ‘ಟೈನ್’, 2005ರ ಸಿನಿಮಾದಲ್ಲಿ ‘ಟೀನ್’. ಹೊಂಬಣ್ಣದ ಕೂದಲಿನ ಇಂಗ್ಲಿಷ್ ಮಂತ್ರವಾದಿ ಕಪ್ಪು ಕೂದಲಿನ ಕಿಯಾನು ರೀವ್ಸ್ ಆಗಿ ಲಾಸ್ ಏಂಜಲೀಸ್ ಸೇರಿಕೊಂಡ. ಕೊನೆಗೆ ಸಿಗರೇಟು ಬಿಟ್ಟು ಚ್ಯೂಯಿಂಗ್ ಗಮ್ ಬಾಯಿಗಿಟ್ಟ. ಬೇರೆ ಹೆಸರಿಟ್ಟಿದ್ದರೆ ಅದು ಒಳ್ಳೆಯ ಸಿನಿಮಾ, ಜಗಳ ಹೆಸರಿಗೆ ಮಾತ್ರ.

ಟಿಕೆಟ್ ಕೊಳ್ಳುವ ಮುಂಚೆ ಪೋಸ್ಟರ್ ನೋಡಿ: ಮುಖವಾಡ ತಲೆಯ ಮೇಲಿದೆಯೋ, ಕೈಯಲ್ಲಿದೆಯೋ? ಕೈಯಲ್ಲಿದ್ದರೆ ಅರ್ಧ ದುಡ್ಡು ಹೋಯಿತೆಂದೇ ಲೆಕ್ಕ. ಟ್ರೇಲರಿನಲ್ಲಿ ಹೆಂಡತಿ ಮಕ್ಕಳು ಸಂಜೆ ಬಿಸಿಲಿನಲ್ಲಿ ನಿಧಾನವಾಗಿ ನಕ್ಕರೆ, ಕಾಮಿಕ್ಸ್ ಒಂದೇ ಪುಟದಲ್ಲಿ ಮುಗಿಸಿದ ಪೂರ್ವಕಥೆ ಇಲ್ಲಿ ಇಂಟರ್ವಲ್‌ವರೆಗೂ ಎಳೆಯುತ್ತದೆ. ಆಮೇಲೆ ಸರ್ಟಿಫಿಕೇಟು. ಅಮೆರಿಕದ ಪಿಜಿ-13, ಅಂದರೆ ಮಕ್ಕಳೂ ನೋಡಬಹುದಾದ ದರ್ಜೆ, ಎಂದಿದ್ದರೆ ರಕ್ತದ ಆಸೆ ಬಿಡಿ. 2018ರ ವೆನಮ್ ಜನರ ತಲೆ ಕಚ್ಚಿ ನುಂಗುತ್ತಾನೆ, ನೆಲದ ಮೇಲೆ ಒಂದು ತೊಟ್ಟಿಲ್ಲ. ಅಷ್ಟು ಶುಚಿಯಾಗಿ ಉಣ್ಣುವ ರಾಕ್ಷಸನನ್ನು ಬೇರೆಲ್ಲೂ ಕಾಣೆವು.

ಇನ್ನು ಡ್ರೆಡ್. 2012ರಲ್ಲಿ ಕಾರ್ಲ್ ಅರ್ಬನ್ ಸಿನಿಮಾ ಮುಗಿಯುವವರೆಗೂ ಹೆಲ್ಮೆಟ್ ತೆಗೆಯಲಿಲ್ಲ. ಗಲ್ಲ, ಕತ್ತು, ಗೊರಗೊರ ದನಿ, ಕವುಚಿದ ಬಟ್ಟಲಿನ ಬಾಯಿ, ಎಲ್ಲವೂ ಇತ್ತು. ಮುತ್ತು ಇರಲಿಲ್ಲ. ಅಭಿಮಾನಿಗಳು 17 ವರ್ಷ ಗೊಣಗಿ ಕೇಳಿದ್ದನ್ನು ಕೊನೆಗೂ ಕೊಟ್ಟರು. ಥಿಯೇಟರಿನಲ್ಲಿ ಅದು ಸೋತಿತು. ಅಕೌಂಟೆಂಟ್ ಎಲ್ಲೋ ಕೂತು ‘ನಾನು ಹೇಳಿರಲಿಲ್ವಾ’ ಎಂದಿರಬೇಕು. ಡಿಸ್ಕ್ ಬಂದ ಮೇಲೆ ಮಾತ್ರ ಚೆನ್ನಾಗಿ ಮಾರಾಟವಾಯಿತು, ಕೊಂಡವರೆಲ್ಲ ಮನೆಯಲ್ಲಿ ಕಾಲು ಚಾಚಿ ಕೂತು, ಎರಡನೇ ಭಾಗ ಯಾಕೆ ಮಾಡಲಿಲ್ಲ ಎಂದು ಇವತ್ತಿಗೂ ಸಿಟ್ಟಾಗುತ್ತಿದ್ದಾರೆ.